ಲಿಂಕನ್‌ನನ್ನು ಉಳಿಸಿದ್ದು ಪಿಂಕರ್ಟನ್ನಾ?

ಪ್ರಶ್ನೆ: 1861ರಲ್ಲಿ ಬಾಲ್ಟಿಮೋರ್‌ನಲ್ಲಿ ಅಬ್ರಹಾಂ ಲಿಂಕನ್ ಕೊಲೆಯಾಗುವುದನ್ನು ಪತ್ತೇದಾರ ಅಲನ್ ಪಿಂಕರ್ಟನ್ ತಪ್ಪಿಸಿದ ಎಂದು ಓದಿದ್ದೆ. ಅದೆಲ್ಲ ಅವನೇ ಕಟ್ಟಿದ ಕಥೆ ಅಂತಾನೂ ಹೇಳ್ತಾರೆ. ಯಾವುದು ನಿಜ?
(ಓದುಗರೊಬ್ಬರು, ಹಾಸನ)

ಉತ್ತರ: ಎರಡನ್ನೂ ಪೂರ್ತಿ ನಂಬಬೇಡಿ. ಆಗಷ್ಟೇ ಅಮೆರಿಕದ ಅಧ್ಯಕ್ಷನಾಗಿ ಆಯ್ಕೆಯಾಗಿದ್ದ ಲಿಂಕನ್ ಅಧಿಕಾರ ವಹಿಸಿಕೊಳ್ಳಲು ಬಾಲ್ಟಿಮೋರ್ ಮೂಲಕ ರೈಲಿನಲ್ಲಿ ವಾಷಿಂಗ್ಟನ್‌ಗೆ ಹೋಗಬೇಕಿತ್ತು. ಪಿಂಕರ್ಟನ್‌ಗೆ ದುಡ್ಡು ಕೊಟ್ಟು ಕರೆಸಿದ್ದು ಲಿಂಕನ್ ಅಲ್ಲ, ರೈಲ್ವೆ ಕಂಪನಿಯೊಂದರ ಮುಖ್ಯಸ್ಥ ಸ್ಯಾಮ್ಯುಯೆಲ್ ಫೆಲ್ಟನ್. ಹಳಿಗೆ, ಸೇತುವೆಗೆ ಯಾರಾದರೂ ಕೈ ಹಾಕಿಯಾರು ಅನ್ನೋದು ಅವನ ಭಯ. ಅದನ್ನು ಹುಡುಕಲು ಹೋದವರ ಕಿವಿಗೆ ಕೊಲೆಯ ಮಾತು ಬಿತ್ತು. ಬಾರ್ನಮ್ ಹೋಟೆಲಿನಲ್ಲಿ ಅಂಗಡಿ ಇಟ್ಟಿದ್ದ ಕ್ಷೌರಿಕ ಫೆರಾಂಡಿನಿಯೇ ಮುಂದಾಳು ಎಂದು ಪಿಂಕರ್ಟನ್ ಬರೆದುಕೊಂಡ. ಆದರೆ ಫೆರಾಂಡಿನಿ ಮೇಲೆ ಕೇಸೇ ನಡೆಯಲಿಲ್ಲ. ಸಂಚು ಸಿಕ್ಕರೆ ಪತ್ತೇದಾರನಿಗೂ ಲಾಭವೇ ಅಲ್ವಾ? ಇಷ್ಟೇ ಇದ್ದಿದ್ದರೆ ನಾನೂ ಸುಮ್ನೆ ಪಕ್ಕಕ್ಕಿಡುತ್ತಿದ್ದೆ.

ಇಷ್ಟೇ ಅಲ್ಲ. ಫೆಬ್ರವರಿ 21ರ ರಾತ್ರಿ ಫಿಲಡೆಲ್ಫಿಯಾದಲ್ಲಿ ಪಿಂಕರ್ಟನ್ ಎಲ್ಲ ಹೇಳಿದರೂ ಲಿಂಕನ್ ಆವತ್ತೇ ಗುಟ್ಟಾಗಿ ವಾಷಿಂಗ್ಟನ್‌ಗೆ ಹೊರಡಲು ಒಪ್ಪಲಿಲ್ಲ. ಅದೇ ರಾತ್ರಿ ಸೆನೆಟರ್ ಸೀವರ್ಡ್ ಮಗ ಫ್ರೆಡರಿಕ್, ಅಪ್ಪನ ಪತ್ರ ಹಿಡಿದು ವಾಷಿಂಗ್ಟನ್‌ನಿಂದ ಬಂದ. ಅದರಲ್ಲಿದ್ದದ್ದು ನ್ಯೂಯಾರ್ಕಿನ ಪತ್ತೇದಾರರು ಬೇರೆಯಾಗಿಯೇ ಕಲೆಹಾಕಿದ್ದ ಸುದ್ದಿ. ಲಿಂಕನ್ ಓದಿ ಕೇಳಿದ್ದು ಒಂದೇ: ಇದನ್ನು ಹೇಳಿದವರು ಯಾರು, ಪಿಂಕರ್ಟನ್ ಅನ್ನೋ ಹೆಸರೇನಾದರೂ ಕಿವಿಗೆ ಬಿತ್ತಾ? ಇಲ್ಲ ಅಂದ ಫ್ರೆಡರಿಕ್. ಒಬ್ಬನ ಮಾತನ್ನೇ ಇಬ್ಬರು ಹೇಳುತ್ತಿದ್ದಾರೋ, ಇಬ್ಬರಿಗೂ ಬೇರೆಬೇರೆಯಾಗಿ ಗೊತ್ತಾಗಿದೆಯೋ ಎಂದು ನೋಡುವ ವಕೀಲನ ಬುದ್ಧಿ ಅದು. ಫ್ರೆಡರಿಕ್ ಇದನ್ನು ಬರೆದದ್ದು ಎಷ್ಟೋ ವರ್ಷ ಕಳೆದ ಮೇಲೆ, ನಿಜ. ಆದರೆ 1864ರಲ್ಲಿ ಲಿಂಕನ್ ತಾನೇ ಇತಿಹಾಸಕಾರ ಬೆನ್ಸನ್ ಲಾಸಿಂಗ್‌ಗೆ ಹೇಳಿದ್ದೂ ಹೆಚ್ಚುಕಡಿಮೆ ಹೀಗೇ ಇದೆ.

ಸಂಚೇ ಇರಲಿಲ್ಲ ಅನ್ನುವವರು ವಾರ್ಡ್ ಹಿಲ್ ಲಾಮನ್‌ನನ್ನು ಮುಂದಿಡುತ್ತಾರೆ. ಮಾರನೆಯ ರಾತ್ರಿ ಲಿಂಕನ್ ಗುಟ್ಟಾಗಿ ಬಾಲ್ಟಿಮೋರ್ ದಾಟಿ ಹೋದ ರೈಲಿನಲ್ಲಿ ಜೊತೆಗಿದ್ದ ಗೆಳೆಯನೇ 1872ರಲ್ಲಿ ಹಾಗೆ ಬರೆದ ಮೇಲೆ ಇನ್ನೇನು ಬೇಕು ಅಂತ. ಆದರೆ ಪಿಂಕರ್ಟನ್ ತನ್ನ ವರದಿಯಲ್ಲಿ ಅವನನ್ನು ತಲೆಯಿಲ್ಲದ ಅಹಂಕಾರಿ ಎಂದು ಬೈದಿದ್ದ, ಆ ಕಾಗದ ಲಾಮನ್ ಕೈಗೂ ಸಿಕ್ಕಿತ್ತು. ಸಿಟ್ಟಲ್ಲಿ ಬರೆದದ್ದನ್ನು ಸ್ವಲ್ಪ ಕಡಿಮೆ ತೂಕಕ್ಕೇ ಇಡಬೇಕು.

ಹಾಗಾಗಿ ಕೊಲ್ಲುವ ಮಾತು ನಡೆದಿತ್ತು ಅನ್ನೋದು ಗಟ್ಟಿ. ಎರಡು ತಿಂಗಳಲ್ಲಿ ಅದೇ ಊರಲ್ಲಿ ಜನ ಲಿಂಕನ್ ಸರ್ಕಾರದ ಸೈನಿಕರ ಮೇಲೆ ಬಿದ್ದರು, ನಾಲ್ವರು ಸೈನಿಕರು ಸತ್ತರು. ಆದರೆ ಪಿಂಕರ್ಟನ್ ಪ್ರಾಣ ಉಳಿಸಿದ ಅನ್ನೋಕೆ ಬೇಕಾದಷ್ಟು ಸಾಕ್ಷಿ ಇಲ್ಲ.

ಮರೆತಿದ್ದೆ, ಲಿಂಕನ್ ಸ್ಕಾಟಿಷ್ ಟೋಪಿ ಹಾಕಿ ವೇಷ ಮರೆಸಿಕೊಂಡು ಹೋದ ಅನ್ನೋದು ಪತ್ರಕರ್ತನೊಬ್ಬ ಹುಟ್ಟಿಸಿದ್ದು. ಹಾಕಿದ್ದು ಮೆತ್ತನೆಯ ಫೆಲ್ಟ್ ಹ್ಯಾಟು.