39 ವಯಸ್ಸು, ಎಎಂಎಚ್ ಚೆನ್ನಾಗಿದೆ. ಐವಿಎಫ್ ಇನ್ನೊಂದು ವರ್ಷ ಮುಂದೂಡಬಹುದೇ?

ರಕ್ತಪರೀಕ್ಷೆಯಲ್ಲಿ ಎಎಂಎಚ್ ಎಂಬ ಹಾರ್ಮೋನು 2.6 ಇದೆ, ಈಗ ಕಾದು ಆಮೇಲೆ ಅಂಡಾಣು ಬೆಳೆಸುವ ಇಂಜೆಕ್ಷನ್‌ನ ಡೋಸ್ ಜಾಸ್ತಿ ಮಾಡಿಸಿಕೊಂಡರಾಯಿತು ಅಂದುಕೊಂಡಿದ್ದೀರಿ. 37ರಲ್ಲಿ ನನ್ನ ಲೆಕ್ಕವೂ ಇದೇ. ಮೂರು ವರ್ಷ ಕಾದೆ. 40ಕ್ಕೆ 11 ಅಂಡಾಣು ಸಿಕ್ಕವು. ಪಕ್ವವಾಗಿದ್ದವು 9, ಫಲಿತವಾದವು 6, ಐದನೇ ದಿನಕ್ಕೆ ಬ್ಲಾಸ್ಟೊಸಿಸ್ಟ್ (ಗರ್ಭಕ್ಕೆ ಹಾಕುವಷ್ಟು ಬೆಳೆದ ಭ್ರೂಣ) ಆದವು 2. ಎರಡರಲ್ಲೂ ಕ್ರೋಮೋಸೋಮ್ ಸಂಖ್ಯೆ ತಪ್ಪಿತ್ತು.

ನಾನು ಎಡವಿದ್ದು ಎಎಂಎಚ್ ಓದುವುದರಲ್ಲಿ. ಅದು ಅಂಡಾಶಯದ ಸಣ್ಣ ಕೋಶಕಗಳಿಂದ, ಅಂದರೆ ಅಂಡಾಣು ಬೆಳೆಯುವ ಪುಟ್ಟ ಚೀಲಗಳಿಂದ, ಬರುವ ಹಾರ್ಮೋನು. ಇಂಜೆಕ್ಷನ್‌ಗೆ ಎಷ್ಟು ಅಂಡಾಣು ಓಗೊಡಬಹುದು ಎಂಬ ಅಂದಾಜು ಕೊಡುತ್ತದೆ, ಅಷ್ಟೇ. ಅಂಡಾಣುವಿನ ಒಳಗೇನಿದೆ ಎಂದು ಹೇಳುವುದಿಲ್ಲ. ನಾವು ಹುಟ್ಟುವ ಮೊದಲೇ ರೂಪುಗೊಂಡ ಅಂಡಾಣುಗಳು ವಿಭಜನೆಯ ನಡುವೆ ನಿಂತು ದಶಕಗಟ್ಟಲೆ ಕಾಯುತ್ತವೆ. ಕ್ರೋಮೋಸೋಮ್‌ಗಳನ್ನು ಹಿಡಿದಿಡುವ ಪ್ರೋಟೀನು ಅಷ್ಟರಲ್ಲಿ ಸವೆದು, ನಿಂತ ವಿಭಜನೆ ಮುಂದುವರಿದಾಗ ಅವು ಸರಿಯಾಗಿ ಹಂಚಿಹೋಗುವುದಿಲ್ಲ. 30ರವಳಿಗೂ 40ರವಳಿಗೂ 2.6 ಇದ್ದರೆ ಅಂಡಾಣುಗಳ ಎಣಿಕೆ ಹತ್ತಿರ ಹತ್ತಿರ ಬಂದೀತು, ಸರಿಯಾದ ಭ್ರೂಣಗಳ ಎಣಿಕೆ ಬರುವುದಿಲ್ಲ. 40 ದಾಟಿದ ಮೇಲೆ ಅರ್ಧಕ್ಕಿಂತ ಹೆಚ್ಚು ಭ್ರೂಣಗಳಲ್ಲಿ ಈ ದೋಷವಿರುತ್ತದೆ. ದಾನಿಯ ಅಂಡಾಣು ಬಳಸಿದಾಗ ಫಲಿತಾಂಶ ಮುಖ್ಯವಾಗಿ ದಾನಿಯ ವಯಸ್ಸನ್ನೇ ಅನುಸರಿಸುವುದೂ ಇದಕ್ಕೇ.

ಡೋಸ್ ವಿಷಯಕ್ಕೆ ಬಂದರೆ, ನಿಮ್ಮ ಲೆಕ್ಕವೇ ಸರಿಯಿಲ್ಲ. ಇಂಜೆಕ್ಷನ್‌ನಲ್ಲಿರುವ ಎಫ್‌ಎಸ್‌ಎಚ್, ಅಂದರೆ ಕೋಶಕ ಬೆಳೆಸುವ ಹಾರ್ಮೋನು, ಹೊಸ ಅಂಡಾಣು ಹುಟ್ಟಿಸುವುದಿಲ್ಲ. ಆ ತಿಂಗಳು ಹೇಗೂ ನಶಿಸಲಿದ್ದ ಕೋಶಕಗಳನ್ನು ಉಳಿಸಿ ಬೆಳೆಸುತ್ತದೆ. ಸ್ಕ್ಯಾನ್‌ನಲ್ಲಿ 6 ಕೋಶಕ ಕಂಡರೆ 450 ಯೂನಿಟ್ ಕೊಟ್ಟರೂ 15 ಆಗುವುದಿಲ್ಲ. ದಿನಕ್ಕೆ 300 ಯೂನಿಟ್ ದಾಟಿದ ಮೇಲೆ ಸಾಮಾನ್ಯವಾಗಿ ಖರ್ಚು ಏರುತ್ತದೆಯೇ ಹೊರತು ಲಾಭವಲ್ಲ. ಕೋಶಕ ಹೆಚ್ಚಿದ್ದವರಿಗೆ ದೊಡ್ಡ ಡೋಸ್ ಕೊಟ್ಟರೆ ಅಂಡಾಶಯ ಊದಿ ಹೊಟ್ಟೆಯಲ್ಲಿ ನೀರು ತುಂಬುವ ಅಪಾಯ ಬೇರೆ.

ಆದ್ದರಿಂದ ಕಾಯಬೇಡಿ. ಮುಟ್ಟಿನ 2 ಅಥವಾ 3ನೇ ದಿನ ಸ್ಕ್ಯಾನ್ ಮಾಡಿಸಿ ಕೋಶಕ ಎಣಿಸಿಕೊಳ್ಳಿ. ಅಂದೇ ರಕ್ತದಲ್ಲಿ ಎಫ್‌ಎಸ್‌ಎಚ್ ಜೊತೆ ಎಸ್ಟ್ರಡಯಾಲ್ (ಅಂಡಾಶಯದ ಇನ್ನೊಂದು ಹಾರ್ಮೋನು) ಕೂಡ ನೋಡಿಸಿ. ಎಸ್ಟ್ರಡಯಾಲ್ ಏರಿದ್ದರೆ ಅದು ಎಫ್‌ಎಸ್‌ಎಚ್ ಅನ್ನು ತಗ್ಗಿಸುತ್ತದೆ, ಎಲ್ಲ ಸರಿಯಿದೆ ಎಂಬ ಇಲ್ಲದ ನೆಮ್ಮದಿ ತೋರಿಸುತ್ತದೆ. ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಎಎಂಎಚ್ ಇಳಿದು ಕಾಣಬಹುದು, ಮೊದಲೇ ಹೇಳಿ. ಅಂಡಾಣುಗಳನ್ನು ಕೊನೆಗೆ ಪಕ್ವಗೊಳಿಸುವ ಟ್ರಿಗರ್ ಇಂಜೆಕ್ಷನ್ ಹೊತ್ತು ಮಾತ್ರ ತಪ್ಪಬಾರದು: ಅಂಡಾಣು ತೆಗೆಯುವುದಕ್ಕೆ ಸುಮಾರು 36 ಗಂಟೆ ಮೊದಲು, ಹೇಳಿದ ನಿಮಿಷಕ್ಕೇ.

ಮಗು ಈಗಲೇ ಬೇಡವಾದರೆ ಭ್ರೂಣ ಹೆಪ್ಪುಗಟ್ಟಿಸಿಡಿ. 42ಕ್ಕೆ ಗರ್ಭಕ್ಕೆ ಹಾಕಿದರೂ ಅದರ ವಯಸ್ಸು 39ರದ್ದೇ ಆಗಿರುತ್ತದೆ.