ಕಂಬ ಯಾರದು, ಹೊಂಡ ಯಾರದು?

ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ನಿವೃತ್ತ ಅಧ್ಯಾಪಕರೊಬ್ಬರು ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಹಾಕಿಲ್ಲ.

"ನಮ್ಮ ಮನೆಯ ಮುಂದಿನ ವಿದ್ಯುತ್ ಕಂಬಕ್ಕೆ ಈಗ ಕಪ್ಪು ಕೇಬಲೊಂದು ಬಂದು ಸೇರಿದೆ. ಕೆ-ಫೋನ್ ಎನ್ನುತ್ತಾರೆ, ಕೇರಳ ಸರಕಾರದ ಫೈಬರ್ ಇಂಟರ್ನೆಟ್ ಯೋಜನೆ. ವಿದ್ಯುತ್ ಮಂಡಳಿಯೂ ಐಟಿಯ ಇನ್ನೊಂದು ಸರಕಾರಿ ಸಂಸ್ಥೆಯೂ ಕೂಡಿ ಹಣ ಹಾಕಿ ಮಾಡಿದ್ದಂತೆ. ಮಳೆಗಾಲದಲ್ಲಿ ಮರ ಬಿದ್ದರೆ ಕತ್ತಲಾಗುವ ಊರು ನಮ್ಮದು. ಕರೆಂಟಿನವರಿಗೆ ಇಂಟರ್ನೆಟ್ಟಿನ ಉಸಾಬರಿ ಏಕೆ? ಎರಡು ಸರಕಾರಿ ಸಂಸ್ಥೆಗಳು ಸೇರಿ ಒಂದು ಕೆಲಸವನ್ನು ನೆಟ್ಟಗೆ ಮಾಡಿದ್ದನ್ನು ನೀವು ಕಂಡಿದ್ದೀರಾ? ಇದನ್ನೆಲ್ಲ ಖಾಸಗಿಯವರಿಗೆ ಬಿಡುವುದು ಒಳ್ಳೆಯದಲ್ಲವೇ?"

ಮೇಷ್ಟ್ರೇ, ನಿಮ್ಮ ಕೈಬರಹ ನೋಡಿದ ಮೇಲೆ ಈ ಕಾಲದ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು. ಪತ್ರ ಓದಿದ ಮೇಲೆ ಅಷ್ಟೂ ಮತ್ತೆ ಏರಿತು.

ಒಪ್ಪಬೇಕಾದದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಮೊಬೈಲ್ ಡೇಟಾದ ಬೆಲೆ ಹೇಗೆ ಕುಸಿಯಿತೆಂದು ನಾವೆಲ್ಲ ನೋಡಿದ್ದೇವೆ. ಯಾವ ಸರಕಾರಿ ಇಲಾಖೆಯೂ ಅದನ್ನು ಮಾಡಿರಲಿಲ್ಲ. ಕೆ-ಫೋನ್ ಕೂಡ ಹಾಲಿನಲ್ಲಿ ತೊಳೆದ ಮುತ್ತೇನಲ್ಲ. 2017ರಲ್ಲಿ ಒಪ್ಪಿಗೆ ಪಡೆದದ್ದು ಉದ್ಘಾಟನೆಯಾದದ್ದು 2023ರ ಜೂನ್ 5ರಂದು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಎಂದು ಹೊರಟವರು ಮೊದಲ ಹಂತಕ್ಕೆ ಇಟ್ಟುಕೊಂಡ ಗುರಿ ವಿಧಾನಸಭಾ ಕ್ಷೇತ್ರಕ್ಕೆ 100ರಂತೆ 14,000 ಮನೆ, ಉದ್ಘಾಟನೆಯ ದಿನ ಅದೂ ಮುಗಿದಿರಲಿಲ್ಲ. ಗುತ್ತಿಗೆಯ ಮೊತ್ತ ಅಂದಾಜನ್ನು ಮೀರಿದೆ ಎಂದು ಅಲ್ಲಿನ ವಿರೋಧ ಪಕ್ಷದ ನಾಯಕರು ಹೈಕೋರ್ಟಿನ ಮೆಟ್ಟಿಲು ಹತ್ತಿದರು. 2024ರಲ್ಲಿ ಆ ಅರ್ಜಿ ವಜಾ ಆಯಿತು. ಇಷ್ಟು ನಿಮ್ಮ ಪಾಲಿಗೆ.

ಇನ್ನು ನನ್ನ ಸರದಿ.

ಪೆರ್ಲದಲ್ಲಿ ಕುಳಿತು ನೀವು "ಕೂಡಿ ಹಣ ಹಾಕಿ ಕೆಲಸ ಮಾಡಿದ್ದನ್ನು ಕಂಡಿದ್ದೀರಾ" ಎಂದು ಕೇಳುತ್ತೀರಲ್ಲ, ನಿಮ್ಮ ಸೀಮೆಯದೇ ಊರಾದ ಏತಡ್ಕದಲ್ಲಿ ಪ್ರತಿ ವರ್ಷ ಏನು ನಡೆಯುತ್ತದೆ? ಮಳೆ ಮುಗಿದು ತೋಡಿನ ನೀರು ಸೊರಗುವ ಹೊತ್ತಿಗೆ ಕಲ್ಲು ಮಣ್ಣು ಹಾಕಿ ಕಟ್ಟ ಕಟ್ಟುತ್ತಾರೆ. ಒಂದರ ಕೆಳಗೆ ಒಂದು, ಸಾಲು ಕಟ್ಟಗಳು. ಖರ್ಚನ್ನು ನೀರುಣ್ಣುವ ತೋಟದವರೆಲ್ಲ ಹಂಚಿಕೊಳ್ಳುತ್ತಾರೆ. ದಾಯಾದಿ ಜಗಳದಲ್ಲಿ ಮುಖ ನೋಡದವರೂ ಕಟ್ಟದ ಲೆಕ್ಕಕ್ಕೆ ಒಂದೇ ಜಗಲಿಯಲ್ಲಿ ಕೂರುತ್ತಾರೆ. ಒಬ್ಬೊಬ್ಬರೂ ತಮ್ಮ ತೋಟದ ಅಗಲಕ್ಕೆ ಮಾತ್ರ ಪ್ರತ್ಯೇಕ ಕಟ್ಟ ಕಟ್ಟುತ್ತೇನೆಂದು ಹೊರಟರೆ ನೀರು ನಿಲ್ಲುತ್ತದೆಯೇ? ಕೆ-ಫೋನ್ ಹಿಂದಿರುವ ಬುದ್ಧಿ ಇಷ್ಟೇ. ನೀವು ಅಡಿಕೆ ತೋಟದಲ್ಲಿ ಅದನ್ನು ಮೆಚ್ಚುತ್ತೀರಿ, ಕಂಬದ ಮೇಲೆ ಕಂಡಾಗ ಮೂಗು ಮುರಿಯುತ್ತೀರಿ.

ಲೆಕ್ಕ ನೋಡಿ. ಯೋಜನೆಯ ಅಂದಾಜು 1,548 ಕೋಟಿ ರೂಪಾಯಿ. ಕೇರಳ ವಿದ್ಯುತ್ ಮಂಡಳಿಯದೂ ರಾಜ್ಯದ ಐಟಿ ಮೂಲಸೌಕರ್ಯ ಸಂಸ್ಥೆಯದೂ ಸಮಪಾಲು. ಹಣದ ದೊಡ್ಡ ಭಾಗ ಮೂಲಸೌಕರ್ಯಕ್ಕೆ ದುಡ್ಡು ಹೊಂದಿಸುವ ರಾಜ್ಯದ ಸಂಸ್ಥೆ ಕಿಫ್‌ಬಿ ಕೊಟ್ಟ ಸಾಲ, ಅಂದರೆ ತೀರಿಸಲೇಬೇಕಾದದ್ದು. ಕೆಲಸ ಮಾಡಿದ್ದು ನಮ್ಮ ಬೆಂಗಳೂರಿನ ಸರಕಾರಿ ಕಂಪನಿ ಬಿಇಎಲ್ ಮುಂದಾಳುತನದ ಕಂಪನಿಗಳ ಕೂಟ. ಸುಮಾರು 30,000 ಕಿಲೋಮೀಟರ್ ಕೇಬಲ್, 30,000 ಸರಕಾರಿ ಕಚೇರಿಗಳ ಗುರಿ. ಇಷ್ಟುದ್ದದ ಕೇಬಲ್ಲಿಗೆ ನೆಲ ಅಗೆಯುತ್ತ ಹೋಗಿದ್ದರೆ ದುಡ್ಡೆಲ್ಲ ಗುದ್ದಲಿಗೇ ಮುಗಿಯುತ್ತಿತ್ತು. ಫೈಬರ್ ಎಂಬ ಗಾಜಿನ ಎಳೆ ಅಗ್ಗ, ಕೂದಲಿನಷ್ಟು ಸಣ್ಣ. ಒಂದು ಕೇಬಲ್ಲಿನಲ್ಲಿ 24, 48, 96 ಎಳೆಗಳು ಹಾಯಾಗಿ ಮಲಗುತ್ತವೆ. ದುಬಾರಿಯಾದದ್ದು ಅದನ್ನು ಮಲಗಿಸುವ ಹಾಸಿಗೆ: ಅಗೆತ, ಅನುಮತಿ, ಅಗೆದ ರಸ್ತೆಯ ರಿಪೇರಿ. ಮಂಡಳಿಯ ಬಳಿ ಹಾಸಿಗೆ ಮೊದಲೇ ಇತ್ತು. ಕಂಬಗಳಿದ್ದವು, ಗೋಪುರಗಳಿದ್ದವು, ಉಪಕರಣ ಇಡಲು ಸಬ್‌ಸ್ಟೇಷನ್ನುಗಳಿದ್ದವು. ಐಟಿ ಸಂಸ್ಥೆಯ ಬಳಿ ಆ ಎಳೆಯ ಮೇಲೆ ಓಡಿಸಬೇಕಾದ ಕೆಲಸಗಳ ಪಟ್ಟಿ ಇತ್ತು.

"ಕರೆಂಟಿನವರಿಗೆ ಇಂಟರ್ನೆಟ್ ಏಕೆ" ಎಂಬ ಪ್ರಶ್ನೆಗೆ ಅಮೆರಿಕದ ಟೆನೆಸಿ ರಾಜ್ಯದ ಚಟನೂಗಾ ಊರಿನಲ್ಲಿ ಉತ್ತರವಿದೆ. ಅಲ್ಲಿನ ವಿದ್ಯುತ್ ಮಂಡಳಿ 1935ರಿಂದಲೂ ಊರಿನದೇ ಸ್ವತ್ತು. ಅದು ತನ್ನ ತಂತಿಜಾಲದ ಉದ್ದಕ್ಕೂ ಫೈಬರ್ ಎಳೆದು, ಅಲ್ಲಿನ ಕೇಂದ್ರ ಸರಕಾರದ 11 ಕೋಟಿ ಡಾಲರಿಗೂ ಮಿಕ್ಕ ಅನುದಾನವನ್ನೂ ಸೇರಿಸಿಕೊಂಡು, ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಸ್ವಿಚ್‌ಗಳನ್ನು ಕಂಬಗಳಿಗೆ ಕೂರಿಸಿತು. ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಆ ಸ್ವಿಚ್‌ಗಳು ಫೈಬರ್ ಮೂಲಕ ತಮ್ಮತಮ್ಮಲ್ಲೇ ಮಾತಾಡಿಕೊಂಡು ಕೆಟ್ಟ ತುಂಡನ್ನು ಬೇರ್ಪಡಿಸಿ, ಉಳಿದ ಬೀದಿಗಳಿಗೆ ಬೇರೆ ದಾರಿಯಿಂದ ಕರೆಂಟ್ ತಿರುಗಿಸುತ್ತವೆ. ಲೈನ್‌ಮನ್ ಟಾರ್ಚ್ ಹಿಡಿದು ಯಾವ ಕಂಬದಲ್ಲಿ ತೊಂದರೆ ಎಂದು ಮಳೆಯಲ್ಲಿ ಅಲೆಯಬೇಕಿಲ್ಲ. ಅದೇ ಎಳೆಯ ಮೇಲೆ 2010ರಲ್ಲಿ ಊರಿನ ಮನೆಮನೆಗೂ ಗಿಗಾಬಿಟ್ ಇಂಟರ್ನೆಟ್ ಕೊಟ್ಟರು. ನಿಮ್ಮ ಊರಿನಲ್ಲಿ ಮರ ಬಿದ್ದಾಗ ಕತ್ತಲಾಗುವುದು ಎಂದಿರಿ. ಅದಕ್ಕೆ ಮದ್ದು ನೀವು ಬಯ್ಯುತ್ತಿರುವ ಆ ಕಪ್ಪು ಕೇಬಲ್ಲಿನ ಒಳಗೇ ಇರಬಹುದು.

ಮುಂದೆ ಏನಾಯಿತು ಗೊತ್ತೇ? ಪಕ್ಕದ ಹಳ್ಳಿಯವರು ನಮಗೂ ಕೊಡಿ ಎಂದರು. ಕೊಡಕೂಡದು, ವಿದ್ಯುತ್ ಕೊಡುವ ಗಡಿಯ ಆಚೆಗೆ ಇಂಟರ್ನೆಟ್ ಕೊಡಕೂಡದು ಎಂದು ರಾಜ್ಯದ ಕಾನೂನೇ ಹೇಳುತ್ತದೆ. ಅಮೆರಿಕದ ಕೇಂದ್ರ ದೂರಸಂಪರ್ಕ ಆಯೋಗ 2015ರಲ್ಲಿ ಆ ಬೇಲಿಯನ್ನು ಕಿತ್ತುಹಾಕಿತು. 2016ರಲ್ಲಿ ಕೋರ್ಟು ಮತ್ತೆ ನೆಟ್ಟಿತು. ಆ ಬೇಲಿ ಉಳಿಯಲೆಂದು ಬಯಸಿದ ಖಾಸಗಿಯವರು ಸ್ಪರ್ಧೆಯನ್ನು ಎಷ್ಟು ಪ್ರೀತಿಸುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನೊಂದು ಊರು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ. ಅಲ್ಲಿ ನಗರಸಭೆ, ಶಾಲಾ ಆಡಳಿತ, ಊರಿನ ಕಾಲೇಜು ಮೂವರೂ ಬೇರೆಬೇರೆಯಾಗಿ ಕಂಪನಿಗಳಿಗೆ ಬಾಡಿಗೆ ಕಟ್ಟುತ್ತಿದ್ದರು. ಮೂವರೂ ಕೂತು, ಸುಮಾರು 5.3 ಲಕ್ಷ ಡಾಲರ್ ಖರ್ಚನ್ನು ಹಂಚಿಕೊಂಡು ತಮ್ಮದೇ ಫೈಬರ್ ಹಾಕಿಕೊಂಡರು. ಉಳಿದ ಬಾಡಿಗೆಯ ದುಡ್ಡನ್ನು ಖಜಾನೆಯಲ್ಲಿ ಕರಗಲು ಬಿಡದೆ, ಯಾವುದೇ ಕೆಲಸಕ್ಕೆ ರಸ್ತೆ ಅಗೆದರೂ ಅದೇ ಹೊಂಡದಲ್ಲಿ ತಮ್ಮದೊಂದು ಪೈಪ್ ಇಟ್ಟು ಮುಚ್ಚಿದರು. ದೊಡ್ಡ ಘೋಷಣೆಯಿಲ್ಲ, ಶಿಲಾನ್ಯಾಸವಿಲ್ಲ. ಸ್ಟಾಕ್‌ಹೋಮ್ ನಗರಸಭೆ 1994ರಲ್ಲೇ ಇನ್ನೂ ಸರಳವಾದ ದಾರಿ ಹಿಡಿದಿತ್ತು: ಎಳೆ ನಗರದ್ದು, ಕೇಳಿದ ಕಂಪನಿಗೆಲ್ಲ ಒಂದೇ ಷರತ್ತಿನಲ್ಲಿ ಬಾಡಿಗೆಗೆ. ರಸ್ತೆ ಊರಿನದು, ಬಸ್ ಯಾರದಾದರೂ ಓಡಲಿ ಎಂದ ಹಾಗೆ.

ಆ ಹೊಂಡದ ಮಾತು ಬಂದದ್ದಕ್ಕೆ ನನ್ನ ಮನೆಯ ಮುಂದಿನ ರಸ್ತೆಯ ಕಥೆ ಹೇಳದೆ ಬಿಡಲಾರೆ. ಊರಿನ ಹೆಸರು ಬೇಡ. ಒಂದೇ ವರ್ಷದಲ್ಲಿ ನಾಲ್ಕು ಬಾರಿ ಅಗೆದರು. ಮೊದಲು ನೀರಿನ ಪೈಪ್, ಮುಚ್ಚಿ ಟಾರು ಹಾಕಿದರು. ಟಾರಿನ ವಾಸನೆ ಆರುವ ಮೊದಲೇ ಗ್ಯಾಸಿನವರು. ಮೂರನೆಯವರು ಕೇಬಲ್ಲಿನವರು, ರಾತ್ರಿ ಹತ್ತರ ಮೇಲೆ ಬಂದು ನೀರಿನ ಪೈಪನ್ನೇ ಒಡೆದರು. ನಾಲ್ಕನೆಯ ಸಲ ಅಗೆದದ್ದು ಒಡೆದ ಪೈಪನ್ನು ಹುಡುಕಲು. ಗೇಟಿಗೆ ಅಡ್ಡವಾಗಿ ಹಲಗೆ ಹಾಕಿಕೊಂಡು ಮೂರು ವಾರ ಓಡಾಡಿದೆವು. ಹಾಲಿನ ಹುಡುಗ ಸರ್ಕಸ್ಸಿನವನಂತೆ ಕೈ ಚಾಚಿಕೊಂಡು ದಾಟುತ್ತಿದ್ದ. ಮೇಸ್ತ್ರಿಯನ್ನು "ಎಲ್ಲರೂ ಒಂದೇ ಸಲ ಅಗೆಯಬಾರದೇನಪ್ಪಾ" ಎಂದು ಕೇಳಿದೆ. "ಸಾರ್, ಅದು ಬೇರೆ ಬಿಲ್ಲು" ಎಂದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆಯನ್ನು ಮೂರು ಪದಗಳಲ್ಲಿ ಮುಗಿಸಿದ ಆ ಮೇಸ್ತ್ರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಅಗೆಯುವ ಮೊದಲು ಒಂದು ಮಾತು ತಿಳಿಸಿ ಎಂದು 2023ರ ಮಾರ್ಚ್‌ನಲ್ಲಿ ಪ್ರಧಾನಿಯವರೇ ಒಂದು ಆ್ಯಪ್ ಬಿಡುಗಡೆ ಮಾಡಿದರು. ಒಳ್ಳೆಯದೇ. ನಮ್ಮ ಮೇಸ್ತ್ರಿಯ ಮೊಬೈಲಿನಲ್ಲಿ ಅದು ಇರಲಿಲ್ಲ. ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಕಾಲುದಾರಿಯ ಕೆಳಗೇ ಎಲ್ಲರಿಗೂ ಕೊಳವೆ ಬಿಟ್ಟು ಕಟ್ಟಿದರು. ಕೇಬಲ್ ಬೇಕಾದವರು ಮುಚ್ಚಳ ತೆಗೆದು ಎಳೆದುಕೊಳ್ಳಲಿ, ರಸ್ತೆ ಮುಟ್ಟಬೇಡಿ ಎಂದು. ಅಂಥ ರಸ್ತೆ ಬೆರಳೆಣಿಕೆಯಷ್ಟು. ಉಳಿದ ಕಡೆ ಕಂಪನಿಗಳ ಕೇಬಲ್ಲುಗಳು ಮಳೆಮರದಿಂದ ಮಳೆಮರಕ್ಕೆ ಜೋಕಾಲಿ ಕಟ್ಟಿವೆ. ಪಾಲಿಕೆಯವರು ಒಂದು ದಿನ ಕತ್ತರಿಸುತ್ತಾರೆ, ಮರುದಿನ ಮತ್ತೆ ತೂಗುತ್ತವೆ. ಖಾಸಗಿಯವರಿಗೆ ಬಿಡಿ ಎಂದಿರಲ್ಲ, ಬಿಟ್ಟರೆ ಹೀಗಿರುತ್ತದೆ: ಐದು ಕಂಪನಿಗೆ ಐದು ಕೇಬಲ್, ಐದೂ ಅದೇ ಬಡಾವಣೆಗೆ. ನಿಮ್ಮ ಸ್ವರ್ಗದ ಗುಡ್ಡಕ್ಕೆ ಒಂದೂ ಇಲ್ಲ. (ಸ್ವರ್ಗ ಎಂದರೆ ನಿಮ್ಮ ಪಕ್ಕದ ಊರು, ಉಳಿದ ಓದುಗರು ತಪ್ಪು ತಿಳಿಯಬಾರದು.)

ಖಾಸಗಿಯವರಿಗೆ ಬಿಡಿ ಎಂಬ ಈ ಮಾತನ್ನು ಕರೆಂಟಿನ ಕಾಲದಲ್ಲೂ ಕೇಳಿದ್ದಾಗಿದೆ. ಹೊಲದ ಮನೆಗೆ ತಂತಿ ಎಳೆದರೆ ಗಿಟ್ಟುವುದಿಲ್ಲ ಎಂದು ಅಮೆರಿಕದ ಕಂಪನಿಗಳು ಕೈಕಟ್ಟಿ ಕುಳಿತಾಗ, 1930ರ ದಶಕದಲ್ಲಿ ಅಲ್ಲಿ ನೂರರಲ್ಲಿ ಹತ್ತು ಹೊಲದ ಮನೆಗಳಿಗಷ್ಟೇ ವಿದ್ಯುತ್ ಇತ್ತು. ರೈತರು ಸರಕಾರದಿಂದ ಸಾಲ ತೆಗೆದುಕೊಂಡು ಸಹಕಾರಿ ಸಂಘ ಕಟ್ಟಿ ಕಂಬ ನೆಟ್ಟರು. ಅಂಥ ಸಂಘಗಳು ಈಗ ಅದೇ ಕಂಬಗಳ ಮೇಲೆ ಫೈಬರ್ ಎಳೆಯುತ್ತಿವೆ. ಅಷ್ಟು ದೂರ ಏಕೆ, ನಮ್ಮ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇಂದಿಗೂ ಆ ಸೀಮೆಗೆ ಕರೆಂಟ್ ಹಂಚುತ್ತಿದೆ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಆ ನಾಡು ಈಗ ಐಟಿ ರಾಜಧಾನಿ ಎಂದು ಬೀಗುತ್ತ, ಕಂಬ ಹಂಚಿಕೊಳ್ಳುವುದನ್ನು ನೆರೆಯ ಕೇರಳ ಮಾಡಿದಾಗ ಕುತೂಹಲಕ್ಕೂ ಇಣುಕಿ ನೋಡುವುದಿಲ್ಲ. ಇದು ನನ್ನ ಹಳೆಯ ಹೊಟ್ಟೆಯುರಿ, ಓದುಗರು ಕ್ಷಮಿಸಬೇಕು.

ನಮ್ಮ ಕಡೆ ಏನೂ ಆಗಿಲ್ಲವೆಂದಲ್ಲ. ಕೇಂದ್ರ ಸರಕಾರ 2011ರ ಅಕ್ಟೋಬರ್‌ನಲ್ಲಿ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಬಿಎಸ್‌ಎನ್‌ಎಲ್, ರೈಲ್‌ಟೆಲ್, ಪವರ್‌ಗ್ರಿಡ್ ಎಂಬ ಮೂರು ಸರಕಾರಿ ಕಂಪನಿಗಳಿಗೂ ಕೆಲಸ ಹಂಚಿದರು. ಅದೇ ಈಗಿನ ಭಾರತ್‌ನೆಟ್. 2023ರ ಆಗಸ್ಟ್‌ನಲ್ಲಿ ಅದಕ್ಕೆ ಮತ್ತೆ 1,39,579 ಕೋಟಿ ರೂಪಾಯಿಯ ಹೊಸ ರೂಪ ಕೊಟ್ಟರು. ಪಂಚಾಯಿತಿಗಳನ್ನು ಸರಪಳಿಯ ಬದಲು ಬಳೆಯಂತೆ ಜೋಡಿಸುವುದು, ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಬರುವ ಹಾಗೆ. ಹನ್ನೆರಡು ವರ್ಷದ ನಂತರ ಹೊಳೆಯಿತಲ್ಲ, ಅಷ್ಟೇ ಸಂತೋಷ.

ಆದರೆ ನಾನು ಕಣ್ಣಾರೆ ಕಂಡದ್ದು ಬೇರೆ. ಬಯಲುಸೀಮೆಯ ಒಂದು ಪಂಚಾಯಿತಿ ಕಚೇರಿಗೆ ಕೆಲಸವಿದ್ದು ಹೋಗಿದ್ದೆ. ಗೋಡೆಯ ಮೇಲೆ ಉಕ್ಕಿನ ಪೆಟ್ಟಿಗೆ, ಅದರಿಂದ ಹಳದಿ ಎಳೆಯೊಂದು ಹೊರಬಂದು ಸುರುಳಿ ಸುತ್ತಿಕೊಂಡು ಮೊಳೆಗೆ ನೇತುಬಿದ್ದಿತ್ತು. ಪೆಟ್ಟಿಗೆಯ ದೀಪ ಆರಿತ್ತು. ಅದರ ತಲೆಯ ಮೇಲೆ ಕುಂಕುಮದ ಬೊಟ್ಟು, ಆಯುಧಪೂಜೆಯದಿರಬೇಕು. ಪ್ಲಗ್ ಕಿತ್ತು ಆ ಜಾಗದಲ್ಲಿ ಫ್ಯಾನ್ ಸಿಕ್ಕಿಸಿದ್ದರು. ಗುಮಾಸ್ತೆ ತನ್ನ ಸ್ವಂತ ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿ ನನ್ನ ಅರ್ಜಿಯನ್ನು ಏರಿಸಿದಳು. ಆ ಡೇಟಾದ ದುಡ್ಡು ಅವಳ ಸಂಬಳದ್ದು. "ಇದು ನಮ್ಮದಲ್ಲ ಸರ್, ಅವರದು" ಎಂದು ಪೆಟ್ಟಿಗೆ ತೋರಿಸಿದಳು. ದಿಲ್ಲಿಯ ದುಡ್ಡು ಅಲ್ಲಿಯವರೆಗೆ ನಡೆದು ಬಂದಿದೆ, ಆದರೆ ಪಂಚಾಯಿತಿ ಅದಕ್ಕೆ ಒಂದು ರೂಪಾಯಿಯನ್ನೂ ಹಾಕಿಲ್ಲ, ಹಾಕಿ ಎಂದು ಯಾರೂ ಕೇಳಿಯೂ ಇಲ್ಲ. ಪಾಲು ಇಲ್ಲದ ಕಡೆ ಪೆಟ್ಟಿಗೆ ಯಾವಾಗಲೂ ಅವರದೇ. ಅದೇ ಊರಿನ ಶಾಲೆ, ಆರೋಗ್ಯ ಕೇಂದ್ರ, ಹಾಲಿನ ಡೇರಿ, ಸೊಸೈಟಿ ನಾಲ್ಕೂ ತಿಂಗಳಿಗೆ ಬೇರೆಬೇರೆ ರೀಚಾರ್ಜ್ ಮಾಡಿಸುತ್ತವೆ. ನಾಲ್ಕೂ ಕಟ್ಟಡಗಳು ಆ ಪೆಟ್ಟಿಗೆಯಿಂದ ಕಲ್ಲೆಸೆತದಷ್ಟು ದೂರ. ನಾಲ್ವರೂ ಏತಡ್ಕದವರ ಹಾಗೆ ಒಂದು ಸಂಜೆ ಜಗಲಿಯಲ್ಲಿ ಕೂತಿದ್ದರೆ ಅಷ್ಟು ದೂರಕ್ಕೆ ಎಳೆ ಎಳೆಯುವುದು ಒಂದು ರಥೋತ್ಸವದ ಖರ್ಚಿಗಿಂತ ಹೆಚ್ಚೇನೂ ಆಗುತ್ತಿರಲಿಲ್ಲ.

ಕೊನೆಯದಾಗಿ ನಿಮ್ಮ ಪತ್ರದ ಹಿಂಬದಿಯ ದೂರು: ಪತ್ರಿಕೆ ನಿಮಗೆ ಹದಿನೈದು ದಿನ ತಡವಾಗಿ ತಲುಪುತ್ತಿದೆ. ಇನ್ನು ಮುಂದೆ ಒಂದು ಪ್ರತಿಯನ್ನು ಇಮೇಲಿನಲ್ಲೂ ಕಳಿಸೋಣವೆಂದರೆ ನೀವು ವಿಳಾಸ ಬರೆದಿಲ್ಲ. ಮೊಮ್ಮಗಳನ್ನು ಕೇಳಿ ಬರೆಯಿಸಿ. ಹಾಗೆಯೇ ಮುಂದಿನ ಸಲ ನಿಮ್ಮ ಎಣ್ಮಕಜೆ ಪಂಚಾಯಿತಿ ಕಚೇರಿಗೆ ಹೋದಾಗ ನಿಮ್ಮ ಮನೆಮುಂದಿನ ಕಪ್ಪು ಕೇಬಲ್ ಅದರೊಳಗೆ ಹೋಗಿದೆಯೇ, ಹೋಗಿದ್ದರೆ ಪೆಟ್ಟಿಗೆಯ ದೀಪ ಉರಿಯುತ್ತಿದೆಯೇ ನೋಡಿ ಒಂದು ಕಾರ್ಡು ಹಾಕಿ. ಉರಿಯುತ್ತಿಲ್ಲವೆಂದರೂ ಅಚ್ಚು ಹಾಕುತ್ತೇನೆ.

— ಸಂ.