ಅಂಬಾಸಿಡರ್‌ನ ಬ್ಲೇಡ್ ತೆಗೆಸುವ ಮೊದಲು ಬೋಲ್ಟ್ ಸಡಿಲಿಸಿ ನೋಡಿ

ಹೊಸನಗರದ ರಾಯರೇ, ನಮಸ್ಕಾರ. ನೀವು ಹಾಕಿದ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆ. ತಂದೆಯವರ ಕಾಲದ ಮಾರ್ಕ್ 3 ಅಂಬಾಸಿಡರ್‌ಗೆ ಹಿಂದಿನ ಎರಡೂ ಬ್ಲೇಡ್ ಸೆಟ್, ಅಂದರೆ ಗಾಡಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್, ಹೊಸದಾಗಿ ಹಾಕಿಸಿದ್ದೀರಿ. ಈಗ ಡಿಕ್ಕಿಯ ಕಡೆ ಎರಡು ಇಂಚು ಮೇಲೆದ್ದಿದೆ, ಬಲಗಡೆ ಇನ್ನೂ ಅರ್ಧ ಇಂಚು ಹೆಚ್ಚು, ಎಡ ಚಕ್ರ ಮಡ್‌ಗಾರ್ಡ್‌ನ ನಡುವೆ ಕೂರದೆ ಮುಂದಕ್ಕೆ ಸರಿದಿದೆ. ಎರಡೂ ಕಡೆ ಒಂದೊಂದು ಬ್ಲೇಡ್ ತೆಗೆಸಲೇ ಎಂದು ಕೇಳಿದ್ದೀರಿ. ಬೇಡ ಮಾರಾಯರೇ, ಈಗಲೇ ಬೇಡ. ಇದರಲ್ಲಿ ಬ್ಲೇಡಿನ ತಪ್ಪು ಎಷ್ಟು, ಜೋಡಿಸಿದ ರೀತಿಯ ತಪ್ಪು ಎಷ್ಟು ಎಂಬುದನ್ನು ಮೊದಲು ಬೇರೆ ಮಾಡಬೇಕು.

ನನ್ನ ಗಾಡಿಗೂ ಹೀಗೆಯೇ ಆಗಿತ್ತು. ಲಾರಿಗಳ ಬ್ಲೇಡ್ ಕೆಲಸದಲ್ಲಿ ಕೈ ಪಳಗಿದ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ್ದೆ. ಅವರು ಗಾಡಿಯ ಮೈಯನ್ನು ಜ್ಯಾಕ್ ಮೇಲೆ ಎತ್ತಿ, ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿರುವಾಗಲೇ ಮುಂದಿನ ಕಣ್ಣಿನ (ಬ್ಲೇಡಿನ ತುದಿಯ ಸುರುಳಿಯ) ಬೋಲ್ಟನ್ನೂ ಹಿಂದಿನ ಶ್ಯಾಕಲ್ (ಬ್ಲೇಡಿನ ಹಿಂತುದಿಯನ್ನು ಮೈಗೆ ಸೇರಿಸುವ ಕೊಂಡಿ) ಬೋಲ್ಟ್‌ಗಳನ್ನೂ ಪೂರ್ತಿ ಬಿಗಿದುಬಿಟ್ಟರು. ಹಳೆಯ ಲಾರಿಗಳಲ್ಲಿ ಅದು ನಡೆಯುತ್ತದೆ. ಅಲ್ಲಿ ಕಣ್ಣಿನೊಳಗೆ ಕೂರುವ ಲೋಹದ ಬಳೆ, ಅಂದರೆ ಬುಷ್, ಗ್ರೀಸ್ ಹಾಕಿದ ಪಿನ್ನು. ಯಾವ ಸ್ಥಿತಿಯಲ್ಲಿ ಬಿಗಿದರೂ ಪಿನ್ನಿನ ಸುತ್ತ ಬುಷ್ ತಿರುಗುತ್ತದೆ. ನಮ್ಮ ಕಾರುಗಳಲ್ಲಿರುವುದು ರಬ್ಬರ್ ಬುಷ್. ಬಿಗಿದ ಮೇಲೆ ಅದು ತಿರುಗುವುದಿಲ್ಲ, ಒಳಗೇ ತಿರುಚಿಕೊಳ್ಳುತ್ತದೆ. ಜೋತಾಡುವ ಸ್ಥಿತಿಯಲ್ಲಿ ಬಿಗಿದರೆ, ಗಾಡಿ ನೆಲಕ್ಕಿಳಿದಾಗ ತಿರುಚಿಕೊಂಡ ರಬ್ಬರ್ ಮತ್ತೊಂದು ಸ್ಪ್ರಿಂಗ್‌ನಂತೆ ಮೈಯನ್ನು ಮೇಲಕ್ಕೆ ಹಿಡಿದಿಡುತ್ತದೆ. ನನ್ನದರಲ್ಲಿ ಒಂದೇ ಮಳೆಗಾಲದಲ್ಲಿ ಬುಷ್‌ಗಳು ಹರಿದವು. ಆಮೇಲೆ ಪ್ರತಿ ಹೊಂಡಕ್ಕೂ ಕಟಕಟ ಸದ್ದು.

ಹಾಗಾಗಿ ಮೊದಲ ಕೆಲಸ ಇದು. ಸಮತಟ್ಟಾದ ಗಟ್ಟಿ ನೆಲ ಬೇಕು. ನಿಮ್ಮ ಮನೆಯಲ್ಲಿ ಅಡಿಕೆ ಒಣಗಿಸುವ ಸಿಮೆಂಟ್ ಅಂಗಳವಿದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಮಳೆನೀರು ಹರಿದುಹೋಗಲೆಂದು ಅಂಗಳಕ್ಕೆ ಇಳಿಜಾರು ಕೊಟ್ಟಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪೈಪಿನಿಂದ ನಾಲ್ಕು ಚಕ್ರಗಳ ಜಾಗದ ಮಟ್ಟ ನೋಡಿ, ತಗ್ಗಿರುವ ಕಡೆ ಹಲಗೆ ಕೊಡಿ. ನಾಲ್ಕೂ ಟೈರಿಗೆ ಸರಿಯಾದ ಗಾಳಿ ಇರಲಿ, ಡಿಕ್ಕಿಯಲ್ಲಿ ಸ್ಟೆಪ್ನಿ ಬಿಟ್ಟು ಬೇರೇನೂ ಬೇಡ. ಮುಂದಿನ ಚಕ್ರಗಳಿಗೆ ಎರಡೂ ಬದಿಯಿಂದ ಕಟ್ಟೆ ಕೊಟ್ಟು, ಹಿಂದಿನ ಆಕ್ಸಲ್ ಹೌಸಿಂಗ್‌ನ (ಎರಡು ಹಿಂಚಕ್ರಗಳ ನಡುವಿನ ಅಚ್ಚಿನ ಕವಚದ) ಎರಡು ತುದಿಗಳಿಗೆ ಒಂದೇ ಎತ್ತರದ ಭದ್ರವಾದ ಸ್ಟ್ಯಾಂಡ್ ಇಡಿ. ಸ್ಟ್ಯಾಂಡ್ ಹೌಸಿಂಗ್ ಕೆಳಗೇ ಇರಬೇಕು, ಮೈಯ ಕೆಳಗಲ್ಲ. ಆಗ ಮೈಯ ಭಾರವೆಲ್ಲ ಬ್ಲೇಡ್ ಮೇಲೆ ಬೀಳುತ್ತದೆ, ನಿಮಗೆ ಕೆಳಗೆ ಕೈಯಾಡಿಸಲು ಜಾಗವೂ ಸಿಗುತ್ತದೆ. ಜಂಬಿಟ್ಟಿಗೆ ಕಲ್ಲು ಪೇರಿಸಿ ಅದರ ಕೆಳಗೆ ಮಾತ್ರ ತೂರಬೇಡಿ. ಅದು ಒಡೆಯುವ ಮೊದಲು ಸೂಚನೆ ಕೊಡುವುದಿಲ್ಲ.

ಈಗ ಕಣ್ಣಿನ ಬೋಲ್ಟ್, ಶ್ಯಾಕಲ್ ಬೋಲ್ಟ್‌ಗಳ ನಟ್ಟುಗಳನ್ನು ಎರಡೂ ಕಡೆ ಸಡಿಲಿಸಿ. ಕಳಚಬೇಡಿ, ಬುಷ್ ಬಿಡುಗಡೆಯಾಗುವಷ್ಟು ಸಾಕು. ಎಷ್ಟೋ ಸಲ ಆ ಕ್ಷಣದಲ್ಲೇ ಮೈ ಕೆಳಗಿಳಿಯುವುದು ಕಾಣುತ್ತದೆ. ಸ್ಟ್ಯಾಂಡ್ ತೆಗೆದು ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ಡಿಕ್ಕಿಯ ಮೇಲೆ ಕೈಯಿಟ್ಟು ನಾಲ್ಕೈದು ಸಲ ಒತ್ತಿ ಬಿಡಿ, ಕೈಯಿಂದ ತಳ್ಳಿ ಎರಡು ಅಡಿ ಹಿಂದೆ ಮುಂದೆ ಆಡಿಸಿ ಅದೇ ಜಾಗಕ್ಕೆ ತನ್ನಿ. ಬಳಿಕ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್‌ನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಟ್ಟುಕೊಳ್ಳಿ. ಇದೇ ಅಳತೆಗಳನ್ನು ನಟ್ಟು ಸಡಿಲಿಸುವ ಮೊದಲೂ ತೆಗೆದಿರಬೇಕು. ನೆಲದಿಂದ ಅಳೆದರೆ ಟೈರಿನ ಸವೆತವೂ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ.

ಎಡ ಚಕ್ರ ಮುಂದೆ ಸರಿದಿರುವುದು ನನಗೆ ಎತ್ತರಕ್ಕಿಂತ ಹೆಚ್ಚು ಚಿಂತೆಯ ವಿಷಯ. ಬ್ಲೇಡ್‌ಗಳನ್ನು ಒಟ್ಟಿಗೆ ಹಿಡಿದಿರುವ ಸೆಂಟರ್ ಬೋಲ್ಟ್‌ನ ತಲೆ ಹೌಸಿಂಗ್‌ನ ಪೀಠದಲ್ಲಿರುವ ತೂತಿನೊಳಗೆ ಕೂರಬೇಕು. ಆಕ್ಸಲ್ ಎಲ್ಲಿರಬೇಕೆಂದು ನಿರ್ಧರಿಸುವುದು ಆ ಒಂದು ತಲೆ. ಅದು ತೂತಿಗೆ ಇಳಿಯದೆ ಅಂಚಿನ ಮೇಲೆ ಕೂತಿರುವಾಗ ಬ್ಲೇಡನ್ನು ಹೌಸಿಂಗ್‌ಗೆ ಕಟ್ಟುವ ಯು ಬೋಲ್ಟ್ ಬಿಗಿದರೆ, ಹೊರಗಿನಿಂದ ಎಲ್ಲವೂ ಬಿಗಿಯಾಗಿಯೇ ಕಾಣುತ್ತದೆ. ಎಡಬಲ ಎರಡೂ ಕಡೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಟೇಪು ಹಿಡಿಯಿರಿ, ಸ್ಟಿಯರಿಂಗ್ ನೇರವಾಗಿರಲಿ. ಒಂದೇ ಕಡೆ ಕಡಿಮೆ ಬಂದರೆ ನನ್ನ ಮೊದಲ ಅನುಮಾನ ಸೆಂಟರ್ ಬೋಲ್ಟ್ ಮೇಲೆ. ಇನ್ನೊಂದು ಸಾಧ್ಯತೆ, ಆ ಕಡೆಯ ಸೆಟ್ ಹಿಂದುಮುಂದಾಗಿರುವುದು. ಸೆಂಟರ್ ಬೋಲ್ಟ್‌ನಿಂದ ಎರಡು ಕಣ್ಣುಗಳಿಗೆ ಇರುವ ದೂರ ಸಮವಿಲ್ಲದ ಸೆಟ್ ಆಗಿದ್ದರೆ, ತಿರುಗಿಸಿ ಹಾಕಿದಾಗ ಚಕ್ರ ಸರಿಯುತ್ತದೆ. ಎಡಬಲ ಸೆಟ್‌ಗಳನ್ನು ಹೋಲಿಸಿ ಅಳೆದರೆ ಗೊತ್ತಾಗುತ್ತದೆ. ಆಕ್ಸಲ್ ಓರೆಯಾದ ಗಾಡಿಯನ್ನು ಹಿಂದಿನ ಚಕ್ರಗಳೇ ಪಕ್ಕಕ್ಕೆ ತಳ್ಳುತ್ತವೆ. ಮಳೆಯಲ್ಲಿ ಆಗುಂಬೆ ಘಾಟಿಯ ತಿರುವುಗಳಲ್ಲಿ ಇಳಿಯುವವರು ನೀವು. ಇದು ಸರಿಯಾಗುವವರೆಗೆ ತೀರ್ಥಹಳ್ಳಿಯಿಂದಾಚೆ ಗಾಡಿ ಒಯ್ಯಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಬಲಗಡೆಯ ಅರ್ಧ ಇಂಚು ಹಿಂದಿನ ಬ್ಲೇಡಿನದೇ ಎಂದು ತೀರ್ಮಾನಿಸುವಂತಿಲ್ಲ. ಈ ಗಾಡಿಗೆ ಮುಂದೆ ಇರುವುದು ಟಾರ್ಷನ್ ಬಾರ್, ತಿರುಚಿಕೊಂಡು ಸ್ಪ್ರಿಂಗ್‌ನ ಕೆಲಸ ಮಾಡುವ ಸರಳು; ಅದರಲ್ಲಿ ಒಂದು ಕಡೆ ಸೋತಿದ್ದರೂ ಹಿಂಭಾಗ ಓರೆಯಾಗಿ ಕಾಣುತ್ತದೆ. ಮುಂದಿನ ಅಡ್ಡ ಮೆಂಬರ್‌ನ (ಅಡ್ಡ ತೊಲೆಯ) ಸರಿಯಾದ ನಡುವಿಗೆ ಜ್ಯಾಕ್ ಕೊಟ್ಟು ಮುಂದಿನ ಎರಡೂ ಚಕ್ರಗಳನ್ನು ನೆಲದಿಂದ ಕೂದಲೆಳೆಯಷ್ಟು ಎತ್ತಿ. ಆಗ ಹಿಂಭಾಗ ಸಮವಾಗಿ ನಿಂತರೆ ದೋಷ ಮುಂದಿದೆ. ಓರೆ ಹಾಗೆಯೇ ಉಳಿದರೆ ಹಿಂದಿದೆ.

ಇಷ್ಟಾದ ಮೇಲೂ ಎತ್ತರ ಉಳಿದರೆ ಬ್ಲೇಡಿನ ಮಾತಿಗೆ ಬರೋಣ. ಹಳೆಯ ಸೆಟ್ಟನ್ನು ಗುಜರಿಗೆ ಹಾಕಿಲ್ಲ ತಾನೇ? ಬ್ಲೇಡ್ ಎಣಿಸಿ, ಒಂದೊಂದರ ದಪ್ಪ ಅಳೆದು, ಹೊಸದರೊಂದಿಗೆ ಹೋಲಿಸಿ. ಅಡಿಕೆ ಮೂಟೆ ಹೇರುತ್ತಿದ್ದ ಕಾಲದ ರೂಢಿಯಲ್ಲಿ ನಮ್ಮ ಕಡೆ ಕೇಳದೆಯೇ ಒಂದು ಬ್ಲೇಡ್ ಹೆಚ್ಚಿಗೆ ಹಾಕುವವರಿದ್ದಾರೆ. ಹಾಗೆ ಹಾಕಿದ್ದರೆ ಅದನ್ನು ತೆಗೆಸುವುದು ಸರಿ. ಸಂಖ್ಯೆ ಸರಿಯಿದ್ದು ಬಾಗು ಮಾತ್ರ ಹೆಚ್ಚಿದ್ದರೆ ಬ್ಲೇಡ್ ತೆಗೆಯಬಾರದು. ಉಳಿದವುಗಳ ಮೇಲೆ ಭಾರ ಬಿದ್ದು ಅವು ತುಂಡಾಗುತ್ತವೆ. ಬಾಗನ್ನು ಪ್ರೆಸ್‌ನಲ್ಲಿ ತಣ್ಣಗೇ ಸರಿಮಾಡಿಸಿ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಡಿದರೆ ಉಕ್ಕಿನ ಹದ ಹೋಗುತ್ತದೆ. ಮತ್ತೆ ಹದ ಕೊಡಿಸದಿದ್ದರೆ ಅದು ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಹೊಸ ಸೆಟ್ ಓಡಿದಂತೆ ತಾನಾಗಿಯೂ ಸ್ವಲ್ಪ ಇಳಿಯುತ್ತದೆ, ಅದಕ್ಕೂ ಅವಕಾಶ ಕೊಡಿ. ಶ್ಯಾಕಲ್ ಅಳತೆ ಬದಲಿಸಿ ಎತ್ತರ ಹೊಂದಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಅಲ್ಲಿ ಒಂದು ಇಂಚು ಬದಲಿಸಿದರೆ ಚಕ್ರದ ಬಳಿ ಸಿಗುವುದು ಸುಮಾರು ಅರ್ಧ ಇಂಚು, ಜೊತೆಗೆ ಆಕ್ಸಲ್‌ನ ಕೋನ ಕೆಟ್ಟು ಹಿಂದಿನ ಆಕ್ಸಲ್‌ಗೆ ತಿರುಗುಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಅದುರಲು ಶುರುವಾಗುತ್ತದೆ.

ಕೊನೆಯ ಬಿಗಿತ ಹೌಸಿಂಗ್ ಕೆಳಗೆ ಸ್ಟ್ಯಾಂಡ್ ಇಟ್ಟು, ಭಾರ ಬ್ಲೇಡ್ ಮೇಲಿರುವಾಗಲೇ. ಬುಷ್ ಆಗಲೇ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಯು ಬೋಲ್ಟ್‌ಗಳನ್ನು ಕರ್ಣಾಕಾರವಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ನೋಡಿ. ಬ್ಲೇಡ್‌ಗಳ ನಡುವೆ ಗ್ರಾಫೈಟ್ ಗ್ರೀಸ್ ಸಾಕು. ಸೈಕಲ್ ಟ್ಯೂಬ್ ಸುತ್ತಬೇಡಿ, ನಮ್ಮ ಮಳೆಗೆ ಅದರೊಳಗೆ ನೀರು ನಿಂತು ಬ್ಲೇಡನ್ನು ತುಕ್ಕು ತಿನ್ನುತ್ತದೆ.

ನಟ್ಟು ಸಡಿಲಿಸುವ ಮೊದಲಿನ ಮತ್ತು ಆಮೇಲಿನ ನಾಲ್ಕು ಅಳತೆಗಳನ್ನು, ಚಕ್ರದಿಂದ ಚಕ್ರಕ್ಕೆ ಹಿಡಿದ ಎರಡು ಅಳತೆಗಳನ್ನು ಇಲ್ಲಿ ಬರೆಯಿರಿ. ಶ್ಯಾಕಲ್‌ನ ಚಿತ್ರವನ್ನು ಪಕ್ಕದಿಂದ, ಗಾಡಿ ನೆಲದ ಮೇಲಿರುವಾಗ ತೆಗೆಯಿರಿ. ಅದು ಮುಂದಕ್ಕೆ ವಾಲಿದೆಯೋ ಹಿಂದಕ್ಕೆ ವಾಲಿದೆಯೋ ನೋಡಿ ಬಾಗಿನ ಬಗ್ಗೆ ಹೇಳುತ್ತೇನೆ.